ಹೋದ ವರ್ಷದವರನ್ನು ಕೇಳಿದಿರಾ?

ಆರು ಮಕ್ಕಳ ನಾಲ್ಕು ತಿಂಗಳ ತರಬೇತಿ ಸಂಬಳ ಇನ್ನೂ ಬಾಕಿ ಇದೆ. ಕೊಡಬೇಕಾದದ್ದು ಬಸ್ ನಿಲ್ದಾಣದ ಎದುರಿನ ರಕ್ತಪರೀಕ್ಷೆ ಲ್ಯಾಬ್. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಗೋಡೆಯ ಮೇಲೆ ಹಲ್ಲು ಕಿರಿಯುವ ಡಾಕ್ಟರನ ಚಿತ್ರ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಕಥೆಯಲ್ಲಿ ಒಂದಿಷ್ಟು ಗೆಲುವೂ ಇದೆ, ಗೆಲುವು ಕಂಡ ಕೂಡಲೇ ಜನ ಬಾಕಿಯನ್ನು ಮರೆತು ಮನೆಗೆ ಹೋಗಿಬಿಡುತ್ತಾರೆ.

ಕಥೆ ಲ್ಯಾಬಿನದಲ್ಲ, ಆ ಮಕ್ಕಳನ್ನು ಅಲ್ಲಿಗೆ ಕಳಿಸಿದ ಹೆಂಗಸಿನದು. ಕಾಲೇಜಿನಲ್ಲಿ ಅವಳನ್ನು ದಾರಿ ಮೇಡಂ ಅನ್ನುತ್ತಾರೆ. ಡಿಗ್ರಿ ಮುಗಿಯುವ ಹೊತ್ತಿಗೆ ‘ಮುಂದೇನು’ ಅಂತ ತಲೆ ಕೆರೆದುಕೊಳ್ಳುವ ಹುಡುಗ ಹುಡುಗಿಯರಿಗೆ ದಾರಿ ಹೇಳುವುದು ಅವಳ ಕೆಲಸ. ಬಾಗಿಲ ಮೇಲಿನ ಹಲಗೆಯಲ್ಲಿ ‘ವೃತ್ತಿ ಯೋಜನೆ ಮತ್ತು ಮಾರ್ಗದರ್ಶನ ಕೋಶ’ ಅಂತಿದೆ. ಅಷ್ಟುದ್ದ ಕರೆಯುವ ಪುರುಸೊತ್ತು ಯಾರಿಗಿದೆ?

ಆ ಕೋಣೆ ಮೊದಲು ಆಟದ ಸಾಮಾನು ಇಡುವ ಜಾಗ. ಗಾಳಿ ಹೋದ ಚೆಂಡುಗಳು, ಹರಿದ ಬಲೆ, ಎತ್ತರ ಜಿಗಿತದ ದಪ್ಪ ಹಾಸಿಗೆ ಈಗಲೂ ಅಲ್ಲೇ ಇವೆ. ಕುರ್ಚಿ ಎರಡೇ ಇರುವುದರಿಂದ ಸಲಹೆ ಕೇಳಲು ಬಂದವರು ಹಾಸಿಗೆ ಮೇಲೆ ಕೂರಬೇಕು. ಕೂತವರು ಕುಸಿದು ಹೂತುಹೋಗುತ್ತಾರೆ, ಮೊಣಕಾಲು ಗಲ್ಲಕ್ಕೆ ಬರುತ್ತದೆ. “ಮೇಡಂ, ಭವಿಷ್ಯ ಕೇಳೋಕೆ ಬಂದ್ರೆ ಏಳೋಕೇ ಆಗ್ತಿಲ್ಲ” ಅಂತ ಮಕ್ಕಳು ನಗುತ್ತವೆ. “ಎದ್ದು ತೋರಿಸು, ಅಲ್ಲಿಂದಾನೇ ಶುರು” ಅನ್ನುತ್ತಾಳೆ ಇವಳು.

ಅವಳನ್ನು ನಾನು ಮೊದಲು ಕಂಡಾಗ ದೊಡ್ಡಾಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂರುತ್ತಿದ್ದಳು. ನಾನು ಆಸ್ಪತ್ರೆಯ ಕಸ ಗುಡಿಸುವವರ ಸಂಘದವನು. ಯಾವ ವಾರ್ಡಿಗೆ ಯಾವ ತಂತಿ, ಯಾವ ಡಾಕ್ಟರು ಫೋನ್ ಎತ್ತುವುದಿಲ್ಲ, ಯಾರ ಹೆಂಡತಿಗೆ ಏನು ಸುಳ್ಳು ಹೇಳಬೇಕು, ಎಲ್ಲ ಅವಳ ಬಾಯಲ್ಲಿ. ಒಂದು ದಿನ ಗೋಡೆಗೆ ತಾನೇ ಕರೆ ಜೋಡಿಸುವ ಒಂದು ಪೆಟ್ಟಿಗೆ ಬಂತು, ಬೋರ್ಡು ಹೋಯಿತು, ಬೋರ್ಡಿನ ಮುಂದೆ ಕೂತವಳೂ ಹೋದಳು. ಉಳಿದ ಆಪರೇಟರುಗಳು ಅತ್ತುಕೊಂಡು ಮನೆಗೆ ನಡೆದರು. ಇವಳು ಗೇಟಿನ ಮುಂದೆ ಕೊಡೆ ಬಿಚ್ಚಿಕೊಂಡು ಒಬ್ಬಳೇ ಕೂತಳು. ನಾವು ಹೋಗಿ ಜೊತೆಗೆ ಕೂತೆವು. ಕೆಲಸ ವಾಪಸು ಸಿಗಲಿಲ್ಲ. ಪರಿಹಾರ ಸಿಕ್ಕಿತು, ಅದರಲ್ಲಿ ಅವಳು ಸಂಜೆ ಕಾಲೇಜಿಗೆ ಸೇರಿದಳು. ಅತ್ತೆ ಮೂಗು ಮುರಿದರು: “ಈ ವಯಸ್ಸಿಗೆ ಪುಸ್ತಕದ ಚೀಲ ಬೇಕಿತ್ತಾ ನಿನಗೆ?” “ಹೌದು ಅತ್ತೆ, ಮಗಂದೇ ಹಳೇ ಚೀಲ, ಹೊಸದೇನೂ ಕೊಳ್ಳಲಿಲ್ಲ” ಅಂದಳಂತೆ.

ಡಿಗ್ರಿ ಮುಗಿಸಿ ಈ ಕಾಲೇಜಿನ ಆಫೀಸಿಗೆ ಗುಮಾಸ್ತೆಯಾಗಿ ಬಂದಳು. ಕಾಲೇಜಿಗೊಂದು ವೃತ್ತಿ ಕೋಶ ಇರಲೇಬೇಕು ಅಂತ ಮೇಲಿನಿಂದ ಆದೇಶ ಬಂದಾಗ ಮೇಷ್ಟ್ರುಗಳೆಲ್ಲ ನಾನೊಲ್ಲೆ ತಾನೊಲ್ಲೆ ಅಂದರು. ಪ್ರಿನ್ಸಿಪಾಲರು ಇವಳ ತಲೆಗೆ ಕಟ್ಟಿದರು. ಕೆಲಸ ತಾತ್ಕಾಲಿಕ, ಪ್ರತಿ ವರ್ಷ ಹೊಸ ಆದೇಶ ಬರಬೇಕು. ಊರಿನ ಮಕ್ಕಳಿಗೆಲ್ಲ ಭದ್ರವಾದ ಕೆಲಸದ ದಾರಿ ಹೇಳುವವಳಿಗೆ ಜೂನ್ ಬಂದರೆ ತನ್ನ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲ. ಇದರಲ್ಲಿ ನಗುವಂಥದ್ದು ಏನಾದರೂ ಇದ್ದರೆ ನೀವೇ ನಕ್ಕುಬಿಡಿ.

ಬೇರೆ ಕಾಲೇಜುಗಳಲ್ಲಿ ವೃತ್ತಿ ಯೋಜನೆ ಅಂದರೆ ಟೈ ಕಟ್ಟಿದ ಯಾರೋ ಬಂದು ಪರದೆ ಮೇಲೆ ಬೆಟ್ಟದ ತುದಿಯ ಚಿತ್ರ ತೋರಿಸಿ ಹೋಗುವುದು. ಇವಳ ಪದ್ಧತಿ ಬೇರೆ. ನೀನು ಏನಾಗಬೇಕು ಅಂತ ಹೇಳು, ಆ ಕೆಲಸ ಮಾಡುವವರನ್ನು ಹುಡುಕಿಕೊಂಡು ಹೋಗು, ಮೂರು ಪ್ರಶ್ನೆ ಕೇಳಿ ಬಾ. ದಿನದಲ್ಲಿ ಯಾವಾಗ ಕೂರ್ತೀರಿ? ತಪ್ಪಾದರೆ ಯಾರ ತಲೆ ಮೇಲೆ ಬರುತ್ತೆ? ಹೇಳಿದ ದಿನ ಸಂಬಳ ಬರುತ್ತಾ? ಉತ್ತರ ತಂದ ಮೇಲೆ ಮಿಕ್ಕ ಮಾತು.

ದೊಡ್ಡ ಹೋಟೆಲಿನಲ್ಲಿ ಅಡುಗೆಯವನಾಗಬೇಕು ಅಂದ ಹುಡುಗ ಹೋಗಿ ಬಂದು, “ಮೇಡಂ, ಅವರು ಕೂರೋದೇ ಇಲ್ಲ” ಅಂದ.

“ನಿನಗೆ ನಿಲ್ಲೋಕಾಗುತ್ತಾ?”

“ಆಗುತ್ತೆ.”

“ಹಾಗಾದ್ರೆ ಹೋಗು. ಗೊತ್ತಿದ್ದು ನಿಂತರೆ ಕಾಲು ಕಡಿಮೆ ನೋಯುತ್ತೆ.”

ಅವಳು ಯಾರ ಆಸೆಗೂ ತಣ್ಣೀರು ಎರಚಿದವಳಲ್ಲ. ಕಣ್ಣು ಬಿಟ್ಟುಕೊಂಡು ಹೋಗಿ ಅನ್ನುತ್ತಿದ್ದಳು, ಅಷ್ಟೆ.

ಆ ವರ್ಷ ಹಾಸಿಗೆ ಮೇಲೆ ಬಂದು ಹೂತುಹೋದವರಲ್ಲಿ ಟೈಲರ್ ಮಗಳು ಒಬ್ಬಳು. ಜೀವಶಾಸ್ತ್ರದ ಕೊನೆಯ ವರ್ಷ. ಅಪ್ಪನ ಅಂಗಡಿಯಲ್ಲಿ ಗುಂಡಿ ಡಬ್ಬಿ ಜೋಡಿಸುತ್ತಾ ಬೆಳೆದವಳು. ನಾಲ್ಕು ತೂತಿನದು ಇಲ್ಲಿ, ಎರಡು ತೂತಿನದು ಅಲ್ಲಿ, ಬಿಳಿಯಲ್ಲೇ ಐದು ಬಗೆ. ಒಂದು ಗುಂಡಿ ತಪ್ಪು ಡಬ್ಬಿಗೆ ಬಿದ್ದರೆ ಅವಳಿಗೆ ಊಟ ಇಳಿಯುತ್ತಿರಲಿಲ್ಲವಂತೆ. “ರಕ್ತ ಪರೀಕ್ಷೆ ಮಾಡೋಳಾಗಬೇಕು ಮೇಡಂ. ಡಾಕ್ಟರ್ ಬೇಡ. ಮಿಷನ್ ಮುಂದೆ ನಾನಿರಬೇಕು” ಅಂದಳು. ಅದಕ್ಕೆ ಆಸ್ಪತ್ರೆಯ ಶಾಲೆಯಲ್ಲಿ ಒಂದು ಕೋರ್ಸಿದೆ. ಸೇರಬೇಕಾದರೆ ಯಾವುದಾದರೂ ಲ್ಯಾಬಿನಲ್ಲಿ ನಾಲ್ಕು ತಿಂಗಳು ತರಬೇತಿ ಮಾಡಿದ ಪ್ರಮಾಣಪತ್ರ ಬೇಕು.

ದಾರಿ ಮೇಡಂ ಬಸ್ ನಿಲ್ದಾಣದ ಎದುರಿನ ಲ್ಯಾಬಿಗೆ ತಾನೇ ಹೋದಳು. ಮಿಷನ್ ಮುಂದೆ ಕೂತಿದ್ದ ಹಿರಿಯ ಹೆಂಗಸಿಗೆ ಮೂರು ಪ್ರಶ್ನೆ ಕೇಳಿದಳು. ಅವಳು ಅಲ್ಲಿ ಕಾಯಂ ಕೆಲಸದವಳು. ಮಧ್ಯಾಹ್ನದ ಮೇಲೆ ಕೂರ್ತೀನಿ, ತಪ್ಪಾದರೆ ನನ್ನ ತಲೆ ಮೇಲೇ, ಸಂಬಳ ಒಂದನೇ ತಾರೀಕು ತಪ್ಪಿಲ್ಲ ಅಂದಳು. ಎಲ್ಲವೂ ನಿಜ. ಲ್ಯಾಬಿನ ಮ್ಯಾನೇಜರು, ಮಕ್ಕಳ ಬಾಯಲ್ಲಿ ಟೈ ಸಾಹೇಬ, ತರಬೇತಿಯವರಿಗೂ ತಿಂಗಳ ಸಂಬಳ ಉಂಟು ಅಂದ. ಟೈಲರ್ ಮಗಳೂ ಇನ್ನೈದು ಜನರೂ ಹೋದರು.

ಕೆಲಸ ಏನೆಂದರೆ ಬೆಳಗಾದರೆ ಬರುವ ರಕ್ತದ ಟ್ಯೂಬುಗಳಿಗೆ ಚೀಟಿ ಅಂಟಿಸುವುದು. ಕೆಂಪು ಮುಚ್ಚಳ ಒಂದು ಕಡೆ, ನೇರಳೆ ಮುಚ್ಚಳ ಇನ್ನೊಂದು ಕಡೆ. ಚೀಟಿ ಒಂದು ಕೂದಲು ಸೊಟ್ಟಗಾದರೆ ಮಿಷನ್ನು ಓದುವುದಿಲ್ಲ. ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸು, ಮಧ್ಯಾಹ್ನದವರೆಗೆ ನಿಂತೇ. ಹುಡುಗಿಗೆ ಅದು ಸ್ವರ್ಗ. ಗುಂಡಿ ಡಬ್ಬಿಗಿಂತ ಚೆನ್ನಾಗಿದೆ ಅಂತ ಅಪ್ಪನಿಗೆ ಹೇಳಿದಳಂತೆ.

ಮೊದಲ ತಿಂಗಳು ಸಂಬಳ ಬರಲಿಲ್ಲ. ಎಲ್ಲ ಸೇರಿಸಿ ಕೊಡ್ತೀವಿ ಅಂದರು. ನಾಲ್ಕನೇ ತಿಂಗಳು ಮುಗಿದಾಗ ಟೈ ಸಾಹೇಬ ಒಂದು ಹಾಳೆ ಮುಂದಿಟ್ಟ. ನಾವು ಕಲಿಯಲೆಂದು ನಮ್ಮ ಇಷ್ಟದಿಂದ ಬಂದೆವು, ನಮಗೆ ಏನೂ ಬರಬೇಕಾಗಿಲ್ಲ ಅಂತ ಬರೆದಿತ್ತು. “ಸೈನ್ ಹಾಕಿ, ಪ್ರಮಾಣಪತ್ರ ತಗೊಳ್ಳಿ. ಕಲಿತ್ರಲ್ಲ, ಅದೇ ದೊಡ್ಡ ಸಂಬಳ” ಅಂದ. ಟೈಲರ್ ಮಗಳು ಪೆನ್ನು ಮುಟ್ಟಲಿಲ್ಲ. ಅವಳು ಮುಟ್ಟಲಿಲ್ಲ ಅಂತ ಉಳಿದವರೂ ಮುಟ್ಟಲಿಲ್ಲ. ಆರೂ ಜನ ನೇರ ಬಂದು ಹಾಸಿಗೆ ಮೇಲೆ ಕುಸಿದರು.

ದಾರಿ ಮೇಡಂ ಹಿಂದಿನ ವರ್ಷ ಅದೇ ಲ್ಯಾಬಿಗೆ ಹೋಗಿದ್ದ ಹುಡುಗನಿಗೆ ಫೋನ್ ಹಚ್ಚಿದಳು. ಅವನು ಈಗ ಮೊಬೈಲ್ ಅಂಗಡಿಯಲ್ಲಿ ಕವರ್ ಮಾರುತ್ತಾನೆ. “ನಮಗೂ ಅದೇ ಹಾಳೆ ಮೇಡಂ. ಸೈನ್ ಹಾಕಿ ಬಂದೆ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ” ಅಂದ.

ಆ ಸಂಜೆ ಅವಳು ನಮ್ಮ ಸಂಘದ ಕೋಣೆಗೆ ಬಂದಳು. ಟೀ ಕೊಟ್ಟರೂ ಕುಡಿಯಲಿಲ್ಲ. “ಅಣ್ಣ, ಕೂತಿರೋಳನ್ನ ಕೇಳಿದೆ. ನಿಂತಿರೋರನ್ನ ಕೇಳಲಿಲ್ಲ. ಊರಿಗೆಲ್ಲ ಪ್ರಶ್ನೆ ಕಲಿಸಿದೋಳು ನಾನೇ ತಪ್ಪು ಬಾಗಿಲು ತಟ್ಟಿದೆ.”

“ಅಳೋದಾದ್ರೆ ಅತ್ತುಬಿಡು, ಆಮೇಲೆ ಕೆಲಸ ಇದೆ” ಅಂದೆ.

“ಅಳೋಕೆ ಯಾರು ಬಂದ್ರು? ಬೇಡಿಕೆ ಪತ್ರ ಹೆಂಗೆ ಬರೀಬೇಕು ಹೇಳು.”

ಹೇಳಿದೆ. ಮಾಡಿದ ಕೆಲಸ ಇಷ್ಟು, ಕೊಡಬೇಕಾದದ್ದು ಇಷ್ಟು, ಇಂಥ ದಿನದೊಳಗೆ ಕೊಡಿ, ಇಲ್ಲದಿದ್ದರೆ ಇಂಥದ್ದು ಮಾಡುತ್ತೇವೆ. ನಾಲ್ಕು ಸಾಲು. ಐದನೇ ಸಾಲು ಬರೆದರೆ ಬಾಗಿದ ಹಾಗೆ. ಮಕ್ಕಳೇ ಬರೆಯಲಿ, ಅವರ ಜಗಳ, ಅವರ ಕೈಬರಹ ಅಂದಳು ಅವಳು. ಸರಿ ಅಂದೆ. ಅಲ್ಲೇ ಎಡವಿದ್ದು.

ಅಷ್ಟರಲ್ಲಿ ಟೈಲರು ಕಾಲೇಜಿಗೆ ಬಂದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ಅಂಗಡಿಯಿಂದ ಎದ್ದು ಬಂದಿದ್ದರು.

“ಮೇಡಂ, ನಿಮ್ಮ ಹೋರಾಟ ಹೊಲಿಯೋಕೆ ನನ್ನ ಮಗಳೇ ಬಟ್ಟೆ ಆಗಬೇಕಿತ್ತಾ? ಕೋರ್ಸಿಗೆ ಸೇರೋಕೆ ಈ ತಿಂಗಳೇ ಕೊನೆ. ಸಂಬಳ ಹಾಳಾಗ್ಲಿ, ಕಾಗದ ಕೈಗೆ ಬರ್ಲಿ. ಸೈನ್ ಹಾಕು ಅಂತ ಹೇಳಿ.”

“ಅಣ್ಣ, ನಿಮ್ಮ ಹತ್ರ ಒಬ್ಬ ಕೋಟು ಹೊಲಿಸ್ಕೊಂಡು, ಕೂಲಿ ಕೊಡದೆ, ಹೊಲಿಯೋದು ಕಲಿತ್ಯಲ್ಲ ಅಂತ ಹೊರಟ್ರೆ?”

“ಕತ್ತರಿ ತೋರಿಸ್ತೀನಿ.”

“ಮತ್ತೆ?”

“ನನ್ನ ಹತ್ರ ಕತ್ತರಿ ಇದೆ ಮೇಡಂ. ಅವಳ ಹತ್ರ ಏನಿದೆ?”

ಆ ಮನುಷ್ಯ ಹೇಳಿದ್ದು ನಿಜವೇ. ದಿನ ಕಳೆದರೆ ಸೀಟು ಹೋಗುತ್ತದೆ, ಒಂದು ವರ್ಷ ಅಂಗಡಿಯಲ್ಲಿ ಗುಂಡಿ ಹಚ್ಚಿಕೊಂಡಿರಬೇಕು, ಆಮೇಲೆ ಮದುವೆಯ ಮಾತು ಏಳುತ್ತದೆ. ಅಲ್ಲೇ ಹಾಸಿಗೆ ಮೇಲೆ ಕೂತಿದ್ದ ಹುಡುಗಿ ಎದ್ದು ನಿಂತಳು. “ಅಪ್ಪ, ನಾಳೆ ನಾನು ಜನರ ರಕ್ತಕ್ಕೆ ರಿಪೋರ್ಟ್ ಕೊಡೋಳು. ಈ ಹಾಳೆಗೆ ಸೈನ್ ಹಾಕಿದ್ರೆ ನನ್ನ ಮೊದಲನೇ ರಿಪೋರ್ಟೇ ಸುಳ್ಳಾಗುತ್ತೆ. ತಿಂಗಳು ಮುಗಿಯೋವರೆಗೆ ನೋಡ್ತೀನಿ. ಆಮೇಲೆ ನೀನು ಹೇಳಿದ ಹಾಗೆ.”

ಟೈಲರು ಟೇಪನ್ನು ಕೊರಳಿಂದ ತೆಗೆದು ಸುತ್ತಿ ಜೇಬಿಗೆ ಹಾಕಿಕೊಂಡರು. “ಮಾತಲ್ಲಿ ನಿಮ್ಮಮ್ಮನೇ ನೀನು” ಅಂತ ಗೊಣಗಿ ಹೋದರು.

ಪ್ರಿನ್ಸಿಪಾಲರೂ ಕರೆಸಿಕೊಂಡರು. “ಆ ಲ್ಯಾಬ್ ನಮ್ಮ ಕಾಲೇಜಿನ ಪರಿಚಯ ಪುಸ್ತಕದ ಮೊದಲನೇ ಪುಟದಲ್ಲಿದೆಯಮ್ಮಾ. ನಿಮ್ಮ ಆದೇಶ ಜೂನ್‌ಗೆ ಮುಗಿಯುತ್ತೆ, ನೆನಪಿರಲಿ.” “ಪ್ರತಿ ವರ್ಷ ಮುಗಿಯುತ್ತೆ ಸರ್, ಅಭ್ಯಾಸ ಆಗಿದೆ” ಅಂದು ಇವಳು ಎದ್ದು ಬಂದಳು.

ಇನ್ನು ಪತ್ರದ ವಿಚಾರ. ಆ ಮಕ್ಕಳಿಗೆ ಕಾಲೇಜು ಮೂರು ವರ್ಷದಲ್ಲಿ ಒಂದೇ ಒಂದು ಬಗೆಯ ಪತ್ರ ಬರೆಯುವುದನ್ನು ಕಲಿಸಿತ್ತು, ಕೆಲಸಕ್ಕೆ ಅರ್ಜಿ. ಬೇಡಿಕೆ ಪತ್ರ ಬರೆಯಿರಿ ಅಂದರೆ ಕೈ ತಾನಾಗಿ ಅದೇ ಹಾದಿ ಹಿಡಿಯಿತು. ‘ಮಾನ್ಯರೇ, ತಮ್ಮ ಹೆಸರಾಂತ ಸಂಸ್ಥೆಯಲ್ಲಿ ಅವಕಾಶ ಪಡೆದ, ಪರಿಶ್ರಮಿಗಳೂ ತಂಡದೊಂದಿಗೆ ಹೊಂದಿಕೊಳ್ಳುವವರೂ ಆದ ನಾವು’ ಅಂತ ಶುರು. ಸಂಬಳದ ಮಾತು ಎರಡನೇ ಪುಟದಲ್ಲಿ, ‘ಗೌರವಧನದ ವಿಷಯವನ್ನು ತಾವು ಸಹಾನುಭೂತಿಯಿಂದ ಪರಿಶೀಲಿಸುವಿರೆಂದು ನಂಬಿ’ ಅಂತ ಮುದುರಿಕೊಂಡು ಕೂತಿತ್ತು. ಕೆಳಗೆ ಅಂಕಪಟ್ಟಿಯ ನಕಲು. ಮೇಲೆ, ದೇವರೇ, ಆರೂ ಜನರ ಫೋಟೋ, ನೀಟಾಗಿ ಪಿನ್ ಹೊಡೆದು.

ನಾಲ್ಕು ದಿನದ ಮೇಲೆ ಆರೂ ಫೋನುಗಳಿಗೆ ಸಂದೇಶ ಬಂತು: ‘ನಿಮ್ಮ ಅರ್ಜಿ ತಲುಪಿದೆ. ತರಬೇತಿ ಹುದ್ದೆಯ ಸಂದರ್ಶನಕ್ಕೆ ಸೋಮವಾರ ಬೆಳಿಗ್ಗೆ ಬನ್ನಿ.’

ಲ್ಯಾಬಿನವರು ಹೊಸ ತಂಡಕ್ಕೆ ಅರ್ಜಿ ಕರೆದಿದ್ದರು. ಅಲ್ಲಿನ ಗುಮಾಸ್ತ ಮೊದಲ ಸಾಲು ಓದಿ ಇದನ್ನೂ ಆ ರಾಶಿಗೇ ಸೇರಿಸಿದ್ದ. ನಾನು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡೆ. ನಮ್ಮ ಸಂಘದ ಇಡೀ ಚರಿತ್ರೆಯಲ್ಲಿ ಬೇಡಿಕೆ ಇಟ್ಟವರನ್ನು ಅದೇ ಕೆಲಸಕ್ಕೆ ಇನ್ನೊಮ್ಮೆ ಕರೆದ ಮಾಲೀಕ ಇರಲಿಲ್ಲ. ಮಕ್ಕಳು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದರು. ಅವರಲ್ಲಿ ಗುಂಗುರು ಕೂದಲಿನ ಒಬ್ಬ ಹುಡುಗ, ಎಲ್ಲರೂ ಗುಂಗುರು ಅನ್ನುತ್ತಾರೆ, “ಫೋಟೋ ಐಡಿಯಾ ನಂದಲ್ಲ” ಅಂದ. ಯಾರೂ ಕೇಳಿರಲಿಲ್ಲ.

ದಾರಿ ಮೇಡಂ ನಗಲಿಲ್ಲ. ಫೋನಿನಲ್ಲಿ ಆ ಸಂದೇಶವನ್ನು ಎರಡು ಸಲ ಓದಿದಳು.

“ಹೋಗಿ.”

“ಎಲ್ಲಿಗೆ ಮೇಡಂ?”

“ಕರೆದಿದ್ದಾರಲ್ಲ, ಸಂದರ್ಶನಕ್ಕೆ ಹೋಗಿ. ಗೇಟಿನ ಮುಂದೆ ಕೂತ್ರೆ ಪೊಲೀಸ್ ಬಂದು ಎಬ್ಬಿಸ್ತಾನೆ. ಸಂದರ್ಶನದ ಬೆಂಚಿಂದ ಯಾರು ಎಬ್ಬಿಸ್ತಾರೆ?”

ನನ್ನ ನಗು ನಿಂತಿತು. ಎಷ್ಟು ಗೇಟು ಕಂಡಿದ್ದೇನೆ, ಈ ಬೆಂಚು ನನಗೆ ಹೊಳೆದಿರಲಿಲ್ಲ.

ಸೋಮವಾರ ನಾನೂ ಹೋದೆ, ಸಕ್ಕರೆ ಪರೀಕ್ಷೆಗೆ ಬಂದವನಾಗಿ. ಸುಳ್ಳಲ್ಲ, ಸಕ್ಕರೆ ಇದೆ, ರಕ್ತವನ್ನೂ ಕೊಟ್ಟೆ. ಒಳಗಿನ ಓಣಿಯ ಬೆಂಚುಗಳ ತುಂಬ ಬೇರೆ ಬೇರೆ ಕಾಲೇಜಿನ ಮಕ್ಕಳು, ಇಸ್ತ್ರಿ ಮಾಡಿದ ಅಂಗಿ, ತೊಡೆ ಮೇಲೆ ಫೈಲು, ಬಾಯಲ್ಲಿ ತಮ್ಮನ್ನು ತಾವು ಪರಿಚಯಿಸಿಕೊಳ್ಳುವ ಗಿಳಿಪಾಠ. ಅವರ ನಡುವೆ ನಮ್ಮ ಆರು ಜನ. ಟೈಲರ್ ಮಗಳು ಅಪ್ಪ ಹೊಲಿದ ಹೊಸ ಕುರ್ತಾ ಹಾಕಿದ್ದಳು. ಸೈನ್ ಹಾಕು ಅಂದಿದ್ದ ಮನುಷ್ಯ ಭಾನುವಾರವಿಡೀ ಕೂತು ಹೊಲಿದದ್ದು.

ಮೊದಲು ಅವಳನ್ನೇ ಕರೆದರು. ಗುಂಗುರು ಬಾಗಿಲು ಹಿಡಿದು ನಿಂತ, ಮುಚ್ಚಗೊಡಲಿಲ್ಲ. ಒಳಗೆ ಟೈ ಸಾಹೇಬ. ಅವನಿಗೆ ಅವಳ ಗುರುತು ಸಿಗಲಿಲ್ಲ. ನಾಲ್ಕು ತಿಂಗಳು ದಿನಾ, ಹಾಳೆ ಮುಂದಿಟ್ಟ ದಿನವೂ, ನೋಡಿದ್ದು ಟೋಪಿ ಮತ್ತು ಮಾಸ್ಕಿನ ನಡುವಿನ ಎರಡು ಕಣ್ಣುಗಳನ್ನು ಮಾತ್ರ, ಅದನ್ನಾದರೂ ಸರಿಯಾಗಿ ನೋಡಿದ್ದರೆ ತಾನೆ.

“ಮುಂಚೆ ಅನುಭವ ಏನಾದ್ರೂ ಇದೆಯಾ ಅಮ್ಮ?”

“ಇದೆ ಸರ್. ನಾಲ್ಕು ತಿಂಗಳು.”

“ವೆರಿ ಗುಡ್. ಎಲ್ಲಿ?”

“ಇಲ್ಲೇ.”

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಟೈ ಸಾಹೇಬ ಫೋಟೋ ನೋಡಿದ, ಅವಳನ್ನು ನೋಡಿದ, ಎರಡನೇ ಪುಟ ತಿರುಗಿಸಿದ. ಆಗ ಅವನ ಹಣೆ ಬೆವರಿತು, ಆ ತಣ್ಣನೆ ಗಾಳಿಯಲ್ಲೂ.

“ನಮ್ಮನ್ನ ಕೊನೇಲಿ ಏನಾದ್ರೂ ಕೇಳೋದಿದ್ರೆ ಕೇಳಿ ಅಂತ ಹೇಳಬೇಕು ಸರ್ ನೀವು. ನಮಗೆ ಹಾಗೇ ಕಲಿಸಿದ್ದಾರೆ” ಅಂದಳು ಹುಡುಗಿ. ಅವನು ಹೇಳುವವರೆಗೆ ಕಾಯಲಿಲ್ಲ. ಓಣಿಗೆಲ್ಲ ಕೇಳುವ ಹಾಗೆ ಕೇಳಿದಳು. “ತರಬೇತಿಯವರು ಯಾವಾಗ ಕೂರ್ತಾರೆ? ಚೀಟಿ ತಪ್ಪಾದ್ರೆ ಯಾರ ತಲೆ ಮೇಲೆ ಬರುತ್ತೆ? ಹೇಳಿದ ಸಂಬಳ ಯಾವಾಗ ಬರುತ್ತೆ?”

ಹೊರಗೆ ಬೇರೆ ಕಾಲೇಜಿನ ಹುಡುಗಿಯೊಬ್ಬಳು ಗುಂಗುರುವನ್ನು ಮೆಲ್ಲಗೆ ಕೇಳಿದಳು. “ನಿಮಗೇನು ಕೊಟ್ರು?”

“ಅನುಭವ.”

“ಅದನ್ನ ಹಾಸ್ಟೆಲ್ ಮೆಸ್ಸಲ್ಲಿ ತಗೊಳ್ತಾರಾ?”

“ಕೇಳಿ ನೋಡಿದೆ. ಚಿಲ್ಲರೆ ಇಲ್ಲ ಅಂದ್ರು.”

ಅವಳು ಫೈಲು ಮುಚ್ಚಿ ಎದ್ದಳು. ಪಕ್ಕದವನೂ ಎದ್ದ. ಎಲ್ಲರೂ ಎದ್ದು ನಡೆದರು ಅಂತ ಬರೆದರೆ ಸುಳ್ಳಾಗುತ್ತದೆ. ಹೆಚ್ಚಿನವರು ಎದ್ದರು. ಕೆಲವರು ಸಂಬಳ ಬರೆದು ಕೊಡಿ ಅಂತ ಬಾಗಿಲಿಗೆ ಬಂದು ನಿಂತರು. ಇಬ್ಬರು ಮಾತ್ರ ಕೂತೇ ಇದ್ದರು. ಅವರನ್ನು ನಾನು ಬೈಯುವುದಿಲ್ಲ, ಅವರ ಮನೆಯ ಒಲೆ ನಾನು ಕಂಡಿಲ್ಲ.

ಆಗ ಮಿಷನ್ನಿನ ಕೋಣೆಯಿಂದ ಆ ಹಿರಿಯ ಹೆಂಗಸು ಹೊರಗೆ ಬಂದಳು. ಹಳೆ ತಂಡ ಹೋದ ಮೇಲೆ ಚೀಟಿ ಅಂಟಿಸುವ ಕೆಲಸವೂ ಅವಳ ಮೇಲೆ ಬಿದ್ದಿತ್ತು. “ಸಾರ್, ಬೆಳಿಗ್ಗೆ ಬಂದ ಟ್ಯೂಬು ಹಂಗೇ ಇದೆ. ಇವರೂ ಹೋದ್ರೆ ನೀವೇ ಬಂದು ಹಚ್ತೀರಾ? ನನ್ನ ಕೈ ಎರಡೇ” ಅಂದಳು. ಟೈ ಸಾಹೇಬ ಮಾಲೀಕನಿಗೆ ಫೋನ್ ಹಚ್ಚಿಕೊಂಡು ಒಳಗೆ ಹೋದ. ನಮ್ಮ ಆರು ಜನ ಬೆಂಚಿನ ಮೇಲೆ ಗಟ್ಟಿಯಾಗಿ ಕೂತರು. ಕಾವಲುಗಾರ ಎರಡು ಸಲ ಬಂದು ನೋಡಿದ. ಸಂದರ್ಶನಕ್ಕೆ ಕರೆದವರನ್ನು ಎಬ್ಬಿಸುವುದು ಹೇಗೆ ಅಂತ ಅವನಿಗೂ ಗೊತ್ತಾಗಲಿಲ್ಲ.

ಊಟದ ಹೊತ್ತಿಗೆ ಪ್ರಮಾಣಪತ್ರಗಳು ಹೊರಗೆ ಬಂದವು. ಆ ಹಾಳೆಗೆ ಸೈನ್ ಕೇಳಲಿಲ್ಲ. ಟೈಲರ್ ಮಗಳು ತನ್ನದನ್ನು ಓದಿ ವಾಪಸು ಚಾಚಿದಳು. “ಲ್ಯಾಬನ್ನು ವೀಕ್ಷಿಸಿದ್ದಾರೆ ಅಂತಿದೆ ಸರ್. ನಾವು ನೋಡೋಕೆ ಬಂದಿರ್ಲಿಲ್ಲ. ಕೆಲಸ ಮಾಡಿದ್ದಾರೆ ಅಂತ ಹಾಕಿ.” ಅವನು ಹಲ್ಲು ಕಡಿದು ಆರನ್ನೂ ಮತ್ತೆ ಮುದ್ರಿಸಿದ. ಸಂಬಳದ ಮಾತಿಗೆ ಮಾಲೀಕರ ಹತ್ತಿರ ಮಾತಾಡುತ್ತೇವೆ ಅಂದ.

ಅವರು ಇನ್ನೂ ಮಾತಾಡುತ್ತಲೇ ಇದ್ದಾರೆ. ಕೆಲಸ ಮಾಡಿದ್ದಾರೆ ಅಂತ ಅವರೇ ಬರೆದ ಆ ಹಾಳೆ ಹಿಡಿದು ನಾವು ಕಾರ್ಮಿಕ ಇಲಾಖೆಗೆ ಹೋಗಿದ್ದೇವೆ. ಅಲ್ಲಿ ವಿಚಾರಣೆಯ ದಿನ ಮುಂದಕ್ಕೆ ಹೋಗುತ್ತಿದೆ, ನಾವೂ ಹೋಗುತ್ತಿದ್ದೇವೆ. ಈ ಸಲ ಬೇಡಿಕೆ ಪತ್ರ ಗುಂಗುರು ಬರೆದ, ನಾಲ್ಕೇ ಸಾಲು, ಫೋಟೋ ಇಲ್ಲ. ಟೈಲರ್ ಮಗಳು ಆಸ್ಪತ್ರೆಯ ಶಾಲೆಗೆ ಸೇರಿದಳು. ದಾರಿ ಮೇಡಂಗೆ ಜೂನ್‌ನಲ್ಲಿ ಆದೇಶ ಬಂತು, ವರ್ಷದ ಬದಲು ಆರು ತಿಂಗಳಿಗೆ. ಶಿಕ್ಷೆ ಅಂತ ಅಂದುಕೊಂಡರೋ ಏನೋ. “ಆರು ತಿಂಗಳಲ್ಲಿ ಎಷ್ಟು ಮಕ್ಕಳು ಹಾಸಿಗೆಯಿಂದ ಏಳ್ತಾರೆ ನೋಡೋಣ” ಅಂದಳು. ಲ್ಯಾಬಿನ ಹೆಸರನ್ನು ಪರಿಚಯ ಪುಸ್ತಕದಿಂದ ತೆಗೆಯುವವರೆಗೆ ಪ್ರಿನ್ಸಿಪಾಲರ ಕೋಣೆಗೆ ವಾರಕ್ಕೊಮ್ಮೆ ಹೋಗಿ ನಿಲ್ಲುತ್ತಾಳೆ. ಅವರು ಕೂತ್ಕೊಳ್ಳಿ ಅಂದರೂ ಕೂರುವುದಿಲ್ಲ.

ಅವಳ ಮೂರು ಪ್ರಶ್ನೆ ಈಗ ನಾಲ್ಕಾಗಿವೆ. ನಾಲ್ಕನೆಯದನ್ನು ಕೇಳದೆ ಬಂದವರನ್ನು ಬಾಗಿಲಿಂದಲೇ ವಾಪಸು ಅಟ್ಟುತ್ತಾಳೆ: ಹೋದ ವರ್ಷ ಈ ಜಾಗದಲ್ಲಿ ಯಾರಿದ್ದರು, ಅವರ ನಂಬರ್ ಕೊಡಿ.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವ ಒಬ್ಬಳೋ ಒಬ್ಬನೋ ಇದ್ದೇ ಇರುತ್ತಾರೆ. ಅವರ ಕಾಲೇಜೂ ತರಬೇತಿ ಅಂತ ಎಲ್ಲಿಗೋ ಕಳಿಸುತ್ತದೆ. ನಾಳೆ ಬೆಳಿಗ್ಗೆ ಕೆಲಸಕ್ಕೆ ಒಂದು ಗಂಟೆ ತಡವಾದರೂ ಪರವಾಗಿಲ್ಲ, ಆ ಕಾಲೇಜಿಗೆ ಹೋಗಿ. ಹೋದ ವರ್ಷ ಆ ತರಬೇತಿಗೆ ಹೋಗಿ ಬಂದ ಮಕ್ಕಳನ್ನು ನಮ್ಮೊಡನೆ ಮಾತಾಡಿಸಿ ಅಂತ ಕೇಳಿ. ಆಗಲ್ಲ ಅಂದರೆ ಎದ್ದು ಬರಬೇಡಿ, ಅಲ್ಲೇ ಕೂತಿರಿ.